ನನ್ನ ಗಾಡಿಗೆ ಕೊಂಬು ಮೂಡಿದ್ದು

ನನ್ನ ಗಾಡಿಗೆ ಎರಡು ನಿಂತ ಸೈಲೆನ್ಸರ್ ಕೂಡಿಸುತ್ತಾರೆ ಎಂಬುದು ನನಗೆ ಗೊತ್ತಾದದ್ದು, ಅವಕ್ಕೆ ಕವರ್ ಹೊಲಿದುಕೊಡು ಎಂದು ನನ್ನನ್ನೇ ಕೇಳಿದಾಗ. ರಾಯಚೂರಿನಲ್ಲಿ ಅಕ್ಕಿ ಗಿರಣಿಗಳ ಕಡೆ ಹೋಗುವ ರಸ್ತೆಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ನನ್ನ ತಮ್ಮ ಬಂದ, ಜೇಬಿನಿಂದ ಚೀಟಿ ತೆಗೆದು ಅಳತೆ ಓದಿದ. ಉದ್ದ ಐದು ಅಡಿ, ಸುತ್ತಳತೆ ಒಂದು ಗೇಣು ಚಿಲ್ಲರೆ, ಎರಡು ಬೇಕು, ಕಪ್ಪು ರೆಕ್ಸಿನ್ನಿನಲ್ಲಿ. ಇದೇನು ಆನೆಯ ಸೊಂಡಿಲಿಗೆ ಅಂಗಿಯಾ ಎಂದು ಕೇಳಿದೆ. ನಮ್ಮ ಪಿಕಪ್ಪಿನ ಹೊಸ ಪೈಪಿಗೆ ಎಂದ. ಹೊಳಪು ಹೋಗಬಾರದಂತೆ, ಧೂಳು ಕೂಡಬಾರದಂತೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಬಹಳ ನೋಡಿದ್ದೇನೆ, ಅದು ನನ್ನ ಕಸುಬು. ಆದರೆ ಕೂಸಿನ ತಾಯಿಗೇ ಹೇಳದೆ ಕುಲಾವಿ ಹೊಲಿಸಲು ಬಂದವನನ್ನು ಅವತ್ತೇ ಮೊದಲು ನೋಡಿದ್ದು.

ಏಕೆಂದರೆ ಆ ಡೀಸೆಲ್ ಪಿಕಪ್ ನನ್ನದು. ಕೊಳ್ಳುವಾಗ ತಮ್ಮನ ಕಾಗದಪತ್ರ ಸರಿಯಿರಲಿಲ್ಲ. ನನ್ನ ಪಾಲಿಗೆ ಬಂದ ಕುರಿ ಮಾರಿ, ನನ್ನ ಹೆಸರಿನಲ್ಲೇ ಕೊಂಡೆವು. ಆರ್‌ಸಿ ಮೇಲೆ ನನ್ನ ಹೆಸರಿದೆ. ಪೊಲೀಸರು ಹಿಡಿದಾಗ, ಇನ್ಶೂರೆನ್ಸ್ ಮುಗಿದಾಗ, ಸಹಿ ಬೇಕಾದಾಗ ಎಲ್ಲರಿಗೂ ನನ್ನ ನೆನಪಾಗುತ್ತದೆ. ಉಳಿದಂತೆ ಅದು ತಮ್ಮನ ಗಾಡಿ. ಊರಿನಲ್ಲಿ ಹಾಗೆಯೇ ಅನ್ನುತ್ತಾರೆ, ನಾನೂ ತಿದ್ದಲು ಹೋಗಿರಲಿಲ್ಲ.

ಇಷ್ಟು ದಿನ ಅದರ ಹೊಗೆ ಗಾಡಿಯ ಹೊಟ್ಟೆಯ ಕೆಳಗೆ ಹಾದು ಹಿಂದಿನ ಚಕ್ರದ ಹತ್ತಿರ ಹೊರಬೀಳುತ್ತಿತ್ತು. ಈಗ ಆ ಪೈಪನ್ನು ನಡುವೆ ಕತ್ತರಿಸಿ, ಕ್ಯಾಬಿನ್ನಿನ ಬೆನ್ನ ಹಿಂದೆ ಬಾಡಿಯ ತಗಡಿಗೆ ಎರಡು ತೂತು ಕೊರೆದು, ಎಡಕ್ಕೊಂದು ಬಲಕ್ಕೊಂದು ಹೊಳೆಯುವ ಪೈಪು ಆಕಾಶಕ್ಕೆ ನಿಲ್ಲಿಸುತ್ತಾರಂತೆ. ಹೊರದೇಶದ ದೊಡ್ಡ ದೊಡ್ಡ ಗಾಡಿಗಳು ಹೀಗೆ ಎರಡು ಕೊಂಬಿನಿಂದ ಕರಿಹೊಗೆ ಬಿಡುವುದನ್ನು ತಮ್ಮ ಫೋನಿನಲ್ಲಿ ತೋರಿಸಿದ. ಆ ಗಾಡಿಗಳು ನಮ್ಮ ಮನೆಯಷ್ಟಿದ್ದವು. ನಮ್ಮದು ಉಳ್ಳಾಗಡ್ಡಿ ಚೀಲ, ಇಟ್ಟಿಗೆ, ಹತ್ತಿ, ಕುರಿ ಹೊರುವ ಗಾಡಿ. ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲೋ ಎಂದೆ. ಅವನು ನಕ್ಕು, ನಿನಗೆ ತಿಳಿಯುವುದಿಲ್ಲ ಬಿಡು ಎಂದ.

ನನಗೆ ತಿಳಿಯದ್ದು ಇಡೀ ಜಿಲ್ಲೆಗೆ ತಿಳಿದಿತ್ತು. ದೇವದುರ್ಗದ ಚಹಾ ಅಂಗಡಿಯಲ್ಲಿ ಎರಡು ವಾರದಿಂದ ಇದೇ ಚರ್ಚೆಯಂತೆ. ಒಂದು ಪೈಪು ಸಾಕು ಎಂದವರು ಕೆಲವರು, ಹಚ್ಚಿದರೆ ಎರಡೇ ಹಚ್ಚಬೇಕು ಎಂದವರು ಕೆಲವರು. ಟ್ರ್ಯಾಕ್ಟರ್ ಇರುವ ಒಬ್ಬ ಗೆಳೆಯ, ಹಳ್ಳದ ನೀರಿನಲ್ಲಿ ಇಳಿದರೂ ಸೈಲೆನ್ಸರಿಗೆ ನೀರು ಹೋಗುವುದಿಲ್ಲ ಎಂದು ಧೈರ್ಯ ಕೊಟ್ಟಿದ್ದ. ಮಾನ್ವಿಯಲ್ಲಿ ಭತ್ತ ಇಳಿಸಲು ಹೋದಾಗ ತಮ್ಮ ಅಲ್ಲಿನ ಹಮಾಲರ ಅಭಿಪ್ರಾಯವನ್ನೂ ತೆಗೆದುಕೊಂಡಿದ್ದ. ಕ್ಷೌರದ ಅಂಗಡಿಯವನು ಪೈಪಿನ ತುದಿ ಓರೆಯಾಗಿ ಕತ್ತರಿಸಿದರೆ ಚೆಂದ ಎಂದು ಹೇಳಿದ್ದನಂತೆ. ನೀವೇ ಹೇಳಿ, ತಲೆಗೂದಲು ಕತ್ತರಿಸುವವನಿಗೂ ಒಂದು ಮಾತು ಸಿಕ್ಕಿತು, ಗಾಡಿಯ ಒಡತಿಗೆ ಸಿಕ್ಕಿದ್ದು ರೆಕ್ಸಿನ್ನಿನ ಅಳತೆ.

ನಾನು ಡಬ್ಬಿ ಮುಚ್ಚಿಟ್ಟು, ಅಂಗಡಿಯ ಬಾಗಿಲು ಎಳೆದು, ಅವನ ಜೊತೆಗೇ ವೆಲ್ಡಿಂಗ್ ಮಾಡುವವನ ಹತ್ತಿರ ಹೋದೆ. ಹತ್ತಿ ಜಿನ್ನಿಂಗ್ ಮಿಲ್ಲುಗಳ ಹಿಂದಿನ ಓಣಿಯಲ್ಲಿ ಅವನ ಶೆಡ್ಡು. ಪೈಪುಗಳನ್ನು ಗೋಡೆಗೆ ಒರಗಿಸಿಟ್ಟಿದ್ದ. ನನಗೆ ಕುರ್ಚಿ ಹಾಕಿದ, ಚಹಾ ತರಿಸಿದ, ಬಹಳ ಮರ್ಯಾದೆಯಿಂದ ಮಾತಾಡಿದ, ಮತ್ತು ನಾನು ಹೇಳಿದ ಒಂದು ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಿಂದೆ ಜನ ಕೂಡುತ್ತಾರೆ, ಕುರಿ ನಿಲ್ಲುತ್ತವೆ, ಬಿಸಿ ಪೈಪು ಮೈಗೆ ತಗುಲಿದರೆ ಏನು ಗತಿ ಎಂದು ಕೇಳಿದೆ. ಗೋಣಿತಟ್ಟು ಸುತ್ತಿದರೆ ಆಯ್ತು ಎಂದ. ಹತ್ತಿ ಹೇರಿದಾಗ ಕಿಡಿ ಹಾರಿದರೆ ಎಂದೆ. ಹತ್ತಿ ಹೇರಿದಾಗ ನಿಧಾನ ಹೋಗಬೇಕು ಎಂದ. ಆರ್‌ಟಿಓದವರು ಹಿಡಿದರೆ ದಂಡ ಕಟ್ಟುವವಳು ನಾನು, ಗಾಡಿ ನನ್ನ ಹೆಸರಿನಲ್ಲಿದೆ ಎಂದಾಗ ಮಾತ್ರ ತಲೆಯೆತ್ತಿ ನೋಡಿದ.

"ಹೆಸರು ನಿಮ್ದ ಇರ್ಲಿ ಬಿಡ್ರಿ ಅಕ್ಕಾರ. ಸ್ಟೇರಿಂಗ್ ಹಿಡಿಯಾಂವ ಅವ ಅದಾನಲ್ಲ."

ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಇದೆ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನಾನು ಬೈದು ಎದ್ದು ಬರುತ್ತಿದ್ದೆ. ಅವನಿಗೆ ಅದು ಬೆಳಗಾದರೆ ಸೂರ್ಯ ಹುಟ್ಟುತ್ತಾನೆ ಎಂಬಷ್ಟು ಸಹಜವಾದ ಮಾತು. ತಮ್ಮ ಪಕ್ಕದಲ್ಲೇ ನಿಂತಿದ್ದ, ಪೈಪಿನಲ್ಲಿ ತನ್ನ ಮುಖ ನೋಡಿಕೊಳ್ಳುತ್ತಿದ್ದ, ಹಾಗಲ್ಲ ಎಂದು ಒಂದು ಮಾತು ಆಡಲಿಲ್ಲ.

ನನಗೆ ಚಿಂತೆಯಿದ್ದದ್ದು ದಂಡದ್ದಲ್ಲ, ಅವ್ವನದು. ನಮ್ಮದು ದೇವದುರ್ಗದ ಕಡೆಯ ಕುರಿಗಾರರ ಮನೆತನ. ಪ್ರತಿ ವರ್ಷ ಭತ್ತದ ಕೊಯ್ಲು ಮುಗಿಯುತ್ತಲೂ ಕುರಿಗಳನ್ನು ಹೊಡೆದುಕೊಂಡು ಮಾನ್ವಿಯ ಕಾಲುವೆ ಸೀಮೆಗೆ, ಚೀಕಲಪರ್ವಿಯ ಹೊಳೆಯ ದಂಡೆಯವರೆಗೆ ಹೋಗುತ್ತೇವೆ. ಹೊಲದವರು ಗೊಬ್ಬರಕ್ಕೆಂದು ತಮ್ಮ ಗದ್ದೆಯಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ದೊಡ್ಡ ಕುರಿಗಳನ್ನು ಕಾಕಾ ಮತ್ತು ಅವನ ಮಕ್ಕಳು ಮೂರು ದಿನ ನಡೆಸಿಕೊಂಡು ಬರುತ್ತಾರೆ. ಅಷ್ಟು ದೂರ ನಡೆಯಲಾರದ ಎಳೆಯ ಮರಿಗಳು, ಪಾತ್ರೆ ಪಗಡ, ಹಟ್ಟಿಗೆ ಕಟ್ಟುವ ಬಲೆ, ಗೂಟ ಎಲ್ಲ ಪಿಕಪ್ಪಿನಲ್ಲಿ. ಮತ್ತು ಮರಿಗಳ ಜೊತೆ ಅವ್ವ. ಮುಂದೆ ಸೀಟಿನಲ್ಲಿ ಕೂಡು ಎಂದರೆ ಅವಳು ಎಂದೂ ಕೂಡಲಿಲ್ಲ. ಮರಿಗಳು ಗಾಡಿ ಅಲುಗಾಡಿದಾಗ ಒಂದರ ಮೇಲೊಂದು ಬಿದ್ದು ಉಸಿರು ಕಟ್ಟಿ ಸಾಯುತ್ತವೆ, ಒಬ್ಬರು ಬೇಕೇ ಬೇಕು ಎನ್ನುತ್ತಾಳೆ. ಕ್ಯಾಬಿನ್ನಿಗೆ ಬೆನ್ನು ಕೊಟ್ಟು, ಕಂಬಳಿ ಹೊದ್ದು, ಕೈಯಲ್ಲಿ ಕುರಿ ಕಾಯುವ ಬಡಿಗೆ ಹಿಡಿದು ಕೂಡುತ್ತಾಳೆ. ಬಡಿಗೆಯಿಂದ ಕ್ಯಾಬಿನ್ನಿನ ತಗಡಿಗೆ ಒಂದು ಪೆಟ್ಟು ಹಾಕಿದರೆ ನಿಲ್ಲಿಸು ಎಂದರ್ಥ, ಎರಡು ಹಾಕಿದರೆ ನಡೆ. ನಮ್ಮಲ್ಲಿ ಎಲ್ಲ ಗಾಡಿಗಳಿಗೂ ಅದೇ ಭಾಷೆ.

ಆ ಅವ್ವನಿಗೆ ದಮ್ಮು. ಚಳಿಗಾಲ ಬಂತೆಂದರೆ ಎದೆಯೊಳಗೆ ಕೊಳಲು ಊದಿದ ಹಾಗೆ ಸದ್ದು. ಅವಳು ಕೂಡುವ ಜಾಗದ ಎಡಕ್ಕೂ ಬಲಕ್ಕೂ ಹೊಗೆಯ ಪೈಪು ನಿಲ್ಲಿಸಲು ಹೊರಟಿದ್ದರು. ಹೊಗೆ ಮೇಲೆ ಹೋಗುತ್ತದೆ, ಅವ್ವನಿಗೆ ಇನ್ನೂ ಒಳ್ಳೆಯದೇ, ಕೆಳಗಿನಿಂದ ಸುತ್ತಿಕೊಂಡು ಬರುವ ಹೊಗೆ ತಪ್ಪುತ್ತದೆ ಎಂದು ತಮ್ಮ ವಾದಿಸಿದ. ಅದರಲ್ಲಿ ಒಂದಿಷ್ಟು ನಿಜವೂ ಇತ್ತೇನೋ. ಆದರೆ ಅವ್ವನ ಎದೆಯ ಸಲುವಾಗಿ ಯಾರೂ ಪೈಪಿನ ತುದಿ ಓರೆಯಾಗಿ ಕತ್ತರಿಸುವುದಿಲ್ಲ.

ಅವ್ವನೇ ಬೇಡ ಎನ್ನಲಿ ಎಂದು ಊರಿಗೆ ಹೋದೆ. ಅವಳು ಮರಿಗೆ ಹಾಲು ಕುಡಿಸುತ್ತ ಕೂತಿದ್ದಳು. ಎಲ್ಲ ಹೇಳಿದೆ, ಕಿಡಿ, ಬಿಸಿ, ಹೊಗೆ, ದಂಡ. ಅವಳು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ನೀ ಹೇಳುವುದೂ ಖರೆ, ಅವನು ಹೇಳುವುದೂ ಖರೆ ಎಂದಳು. ನಾನು ಬಿಡಲಿಲ್ಲ. ಕೊನೆಗೆ ಮರಿಯನ್ನು ಕೆಳಗಿಳಿಸಿ ನನ್ನ ಮುಖ ನೋಡಿದಳು.

"ಹಚ್ಚಲಿ ಬಿಡ ತಂಗಿ. ದಿನಾ ಮಂದಿ ಹೇರು ಹೊತ್ತು ತಿರಗತಾನ. ಅವಂಗೂ ಒಂದ ಆಸಿ ಅಂತ ಇರ್ತದ."

ಅವನ ಆಸೆಗೆ ನಿನ್ನ ಎದೆ ಯಾಕೆ ಸುಡಬೇಕು ಎಂದು ನಾನು ಕೂಗಾಡಿದೆ. ಕಂಬಳಿ ಮುಖಕ್ಕೆ ಎಳೆದುಕೊಂಡು ಕೂಡುತ್ತೇನೆ ಎಂದಳು. ನನಗೆ ತಮ್ಮನ ಮೇಲಿಗಿಂತ ಅವಳ ಮೇಲೆ ಹೆಚ್ಚು ಸಿಟ್ಟು ಬಂತು. ಮಗನ ಆಸೆ ಎಂದರೆ ಇವಳ ಉಸಿರಿಗೂ ಬೆಲೆಯಿಲ್ಲ. ನನಗೂ ಒಂದು ಕಾಲಕ್ಕೆ ಆಸೆಗಳಿದ್ದವು, ಅವನ್ನು ಹೀಗೆ ಯಾರೂ ಕಂಬಳಿ ಎಳೆದುಕೊಂಡು ತಡೆದುಕೊಂಡಿರಲಿಲ್ಲ.

ಆರ್‌ಸಿ ನನ್ನ ಕೈಯಲ್ಲಿತ್ತು. ಬೇಡ ಎಂದು ಒಂದೇ ಮಾತಿನಲ್ಲಿ ನಿಲ್ಲಿಸಬಹುದಾಗಿತ್ತು. ಗಾಡಿಯ ಕೀಲಿ ಇಸಿದುಕೊಂಡು ನಡೆ ಎಂದಿದ್ದರೆ ತಮ್ಮ ನಾಲ್ಕು ದಿನ ಮುಖ ಗಂಟಿಕ್ಕಿಕೊಂಡು ಸುಮ್ಮನಾಗುತ್ತಿದ್ದ. ನಾನು ಹಾಗೆ ಮಾಡಲಿಲ್ಲ. ನಿಮ್ಮ ಹಣೆಬರಹ, ಏನಾದರೂ ಮಾಡಿಕೊಳ್ಳಿ ಎಂದು ಬಸ್ಸು ಹತ್ತಿ ರಾಯಚೂರಿಗೆ ಬಂದೆ. ಹಾಗಂದದ್ದೇ ದೊಡ್ಡ ಪ್ರತಿಭಟನೆ ಎಂದುಕೊಂಡಿದ್ದೆ. ಅವರು ಅದನ್ನು ಒಪ್ಪಿಗೆ ಎಂದು ತಿಳಿದರು, ತಿಳಿಯದೆ ಏನು ಮಾಡುತ್ತಾರೆ. ರೆಕ್ಸಿನ್ ಕವರ್ ಮಾತ್ರ ಹೊಲಿದುಕೊಡಲಿಲ್ಲ.

ಕೊಂಬು ಮೂಡಿದ ಗಾಡಿಯನ್ನು ನಾನು ಮೊದಲು ಕೇಳಿದೆ, ಆಮೇಲೆ ನೋಡಿದೆ. ತಮ್ಮ ತೋರಿಸಲೆಂದೇ ಅಂಗಡಿಯ ಮುಂದೆ ತಂದಿದ್ದ. ಓಣಿಯ ಆ ತುದಿಯಲ್ಲಿ ಇರುವಾಗಲೇ ನನ್ನ ಅಂಗಡಿಯ ಗಾಜು ನಡುಗಿತು. ಎಕ್ಸಲರೇಟರ್ ಒತ್ತಿದರೆ ಕರಿಹೊಗೆ ಎರಡು ಕಡೆ ಭುಸ್ಸೆಂದು ಎದ್ದು, ಎದುರಿನ ಮನೆಯವರು ಒಣಹಾಕಿದ್ದ ಬಿಳಿ ಸೀರೆಯ ಮೇಲೆ ಹೋಗಿ ಕೂತಿತು. ಅವರು ಬೈದದ್ದು ನನ್ನನ್ನು. ಓಣಿಯ ಗಂಡಸರು ಮಾತ್ರ ಗಾಡಿಯ ಸುತ್ತ ನಿಂತು ಪೈಪು ಮುಟ್ಟಿ ನೋಡಿ, ತಮ್ಮನ ಬೆನ್ನು ತಟ್ಟಿದರು. ಅವನ ಮುಖದಲ್ಲಿ ಆವತ್ತು ಇದ್ದ ಸಂತೋಷ ನಾನು ಚಿಕ್ಕಂದಿನಿಂದ ನೋಡಿರಲಿಲ್ಲ. ಅದನ್ನು ಒಪ್ಪಿಕೊಳ್ಳಬೇಕು.

ಆ ವರ್ಷ ಚೀಕಲಪರ್ವಿಗೆ ನಾನೂ ಹೊರಟೆ. ಮದುವೆಯ ಸೀಸನ್ನು, ಬ್ಲೌಸಿನ ರಾಶಿ ಬಿದ್ದಿತ್ತು, ಹೋಗುವ ಅಗತ್ಯ ಏನೂ ಇರಲಿಲ್ಲ. ಅವ್ವನನ್ನು ನೋಡಿಕೊಳ್ಳಲು ಎಂದು ಎಲ್ಲರಿಗೂ ಹೇಳಿದೆ. ಖರೆ ಹೇಳಬೇಕೆಂದರೆ ನಾನು ಹೇಳಿದ್ದು ಸರಿಯಾಗಿತ್ತು ಎಂಬುದನ್ನು ಕಣ್ಣಾರೆ ನೋಡಬೇಕಾಗಿತ್ತು. ಪೈಪಿನ ಬಿಸಿಗೆ ಬಲೆ ಸುಡುತ್ತದೆ, ಅವ್ವ ಕೆಮ್ಮುತ್ತಾಳೆ, ಆಗ ತಮ್ಮನ ಮುಖ ನೋಡಬೇಕು, ಇಷ್ಟೇ ನನ್ನ ಲೆಕ್ಕಾಚಾರ.

ಬೆಳಗಿನ ಏಳರ ಹೊತ್ತಿಗೆ ಹೊರಟೆವು. ಬಿಸಿಲು ಬಂದಿದ್ದರೂ ಚಳಿ ಇಳಿದಿರಲಿಲ್ಲ. ಇಪ್ಪತ್ತೆರಡು ಮರಿಗಳನ್ನು ಹತ್ತಿಸಿದೆವು. ತಮ್ಮ ಪೈಪುಗಳಿಗೆ ಗೋಣಿತಟ್ಟು ಸುತ್ತಿ ತಂತಿ ಬಿಗಿದಿದ್ದ, ಮರಿಗಳಿಗೆ ಸುಡಬಾರದೆಂದು. ಗಾಳಿಗೆ ಮರಿಗಳು ನಡುಗುತ್ತವೆ ಎಂದು ಪ್ರತಿ ವರ್ಷದಂತೆ ಮೇಲೆ ತಾಡಪತ್ರಿ ಎಳೆದು ನಾಲ್ಕೂ ಕಡೆ ಹಗ್ಗ ಕಟ್ಟಿದೆವು. ಪೈಪುಗಳ ತುದಿ ತಾಡಪತ್ರಿಯ ಹೊರಗಿತ್ತು, ಬುಡ ಒಳಗಿತ್ತು. ಪ್ರತಿ ವರ್ಷ ಮಾಡಿದ್ದನ್ನೇ ಮಾಡಿದೆವು. ಈ ವರ್ಷ ಬಾಡಿಯೊಳಗೆ ಹೊಗೆಯ ಹಾದಿ ಇದೆ ಎಂಬುದು ತಮ್ಮನಿಗಾಗಲಿ, ಕಿಡಿಯಿಂದ ಹಿಡಿದು ದಂಡದವರೆಗೆ ಎಲ್ಲ ಎಣಿಸಿದ್ದ ನನಗಾಗಲಿ, ಅರವತ್ತು ವರ್ಷ ಕುರಿ ಕಾಯ್ದ ಅವ್ವನಿಗಾಗಲಿ ಹೊಳೆಯಲಿಲ್ಲ. ಹಗ್ಗದ ಒಂದು ಗಂಟನ್ನು ನಾನೇ ಬಿಗಿದೆ.

ಕ್ಯಾಬಿನ್ನಿನಲ್ಲಿ ತಮ್ಮನ ಪಕ್ಕ ನಾನು ಕೂತೆ. ಪೈಪು ಕಿವಿಯ ಹಿಂದೆಯೇ ಒದರುತ್ತಿತ್ತು. ಏನಾದರೂ ಹೇಳಬೇಕೆಂದರೆ ಕೂಗಬೇಕು. ನಾನು ಕೂಗಿದೆ. ಈ ಸದ್ದಿನಲ್ಲಿ ಮರಿಗಳ ಗತಿ ಏನು ಎಂದು ಶುರು ಮಾಡಿದೆ, ವೆಲ್ಡಿಂಗಿನವನ ಮಾತಿಗೆ ಬಂದೆ, ಅಲ್ಲಿ ನೀನು ಬಾಯಿ ಮುಚ್ಚಿಕೊಂಡು ನಿಂತಿದ್ದೆಯಲ್ಲ ಎಂದೆ. ಅವನೂ ಕೂಗಿದ. ನೀನು ರಾಯಚೂರಿನಲ್ಲಿ ಫ್ಯಾನಿನ ಕೆಳಗೆ ಕೂತು ಕಾಲಲ್ಲಿ ಮಷೀನು ತುಳಿಯುತ್ತೀಯ, ನಾನು ವರ್ಷವಿಡೀ ಈ ಸ್ಟೇರಿಂಗ್ ಹಿಡಿದು ಬೆನ್ನು ಮುರಿದುಕೊಂಡಿದ್ದೇನೆ, ಎರಡು ಪೈಪು ಹಚ್ಚಿದರೆ ನಿನ್ನ ಗಂಟೇನು ಹೋಯಿತು ಎಂದ. ನಿನ್ನನ್ನು ಶಾಲೆಗೆ ಕಳಿಸಿದರು, ನನ್ನನ್ನು ಕುರಿ ಹಿಂದೆ ಕಳಿಸಿದರು ಎಂದ. ಶಾಲೆಗೆ ಕಳಿಸಿದ್ದು ಏಳನೆಯವರೆಗೆ ಮಾತ್ರ, ಆಮೇಲೆ ನಿನ್ನ ಅಂಗಿ ಹೊಲಿಯಲು ಕೂಡಿಸಿದರು ಎಂದೆ. ಸಿರವಾರ ಬಂದು ಹೋದದ್ದು ನಮಗೆ ಗೊತ್ತೇ ಆಗಲಿಲ್ಲ. ಮೂವತ್ತು ವರ್ಷದ ಸಿಟ್ಟನ್ನು ಒಬ್ಬರ ಕಿವಿಗೊಬ್ಬರು ಸುರಿದೆವು. ರಸ್ತೆ ಪೂರಾ ತಗ್ಗು ದಿನ್ನೆ, ಗಾಡಿ ಎದ್ದೆದ್ದು ಬೀಳುತ್ತಿತ್ತು, ಜಗಳ ನಿಲ್ಲಲಿಲ್ಲ.

ಮಾನ್ವಿ ಇನ್ನೊಂದಿಷ್ಟು ದೂರ ಇರುವಾಗ ಹಾಲಿನ ಕ್ಯಾನು ಕಟ್ಟಿಕೊಂಡ ಬೈಕಿನವನೊಬ್ಬ ಪಕ್ಕಕ್ಕೆ ಬಂದು ಹಾರ್ನ್ ಹೊಡೆಯತೊಡಗಿದ. ಮುಂದೆ ಹೋಗಲು ದಾರಿ ಕೇಳುತ್ತಾನೆ ಎಂದುಕೊಂಡು ತಮ್ಮ ಬಿಟ್ಟುಕೊಡದೆ ಗಾಡಿ ಇನ್ನಷ್ಟು ಜೋರು ಮಾಡಿದ. ಪೈಪು ನೋಡಲು ಬಂದಿದ್ದಾನೆ, ಹೊಗೆ ಬಿಟ್ಟು ತೋರಿಸು ಎಂದು ನಾನು ಹಂಗಿಸಿದೆ. ಅವನು ಮುಂದೆ ಹೋಗಿ ಬೈಕನ್ನು ರಸ್ತೆಗೆ ಅಡ್ಡ ನಿಲ್ಲಿಸಿದ.

"ಹಿಂದ ಮುದುಕಿ ಬಡೀಲಿಕ್ಕತ್ತಿ ಎಷ್ಟೊತ್ತಾತು. ಕಿವಿ ಅದಾವೋ ಇಲ್ಲೋ ನಿಮಗ?"

ಇಳಿದು ಓಡಿದೆವು. ಅವ್ವ ಹಿಂದಿನ ಬಾಗಿಲಿನ ಹತ್ತಿರ ತಾಡಪತ್ರಿಯ ಒಂದು ಮೂಲೆ ಕಿತ್ತು, ತಲೆ ಮತ್ತು ಒಂದು ಕೈ ಹೊರಗೆ ಹಾಕಿದ್ದಳು. ಕೈಯಲ್ಲಿ ಬಡಿಗೆ ಇತ್ತು. ತುಟಿ ಬಣ್ಣಗೆಟ್ಟಿತ್ತು, ಕಣ್ಣು ನಮ್ಮ ಮೇಲೆ ನಿಲ್ಲುತ್ತಿರಲಿಲ್ಲ. ಹಗ್ಗ ಬಿಚ್ಚಿ ತಾಡಪತ್ರಿ ಎಳೆದಾಗ ಒಳಗಿನಿಂದ ಹೊಗೆ ಹೊರಬಿತ್ತು. ತಗ್ಗಿಗೆ ಬಿದ್ದು ಬಿದ್ದು ಪೈಪಿನ ಬುಡದ ವೆಲ್ಡಿಂಗು ಬಿರುಕು ಬಿಟ್ಟಿತ್ತು. ಮರಿಗಳನ್ನು ಒಂದೊಂದಾಗಿ ಅವಳು ಹಿಂದಕ್ಕೆ, ಗಾಳಿ ಇರುವ ಕಡೆಗೆ ಎಳೆದು ಹಾಕಿದ್ದಳು. ಮೂರು ಮಾತ್ರ ಪೈಪಿನ ಬುಡದಲ್ಲೇ ಉಳಿದಿದ್ದವು. ಚಳಿಗೆ ಬೆಚ್ಚಗಾಗುತ್ತದೆ ಎಂದು ಗೋಣಿತಟ್ಟಿಗೆ ಒತ್ತಿಕೊಂಡು ಮಲಗಿದ್ದವು. ಎತ್ತಿಕೊಂಡರೆ ಕುತ್ತಿಗೆ ಜೋತುಬಿತ್ತು.

ಮರಿಗಳನ್ನೂ ಗಾಡಿಯನ್ನೂ ಆ ಹಾಲಿನವನಿಗೆ ಒಪ್ಪಿಸಿ, ಹಿಂದಿನಿಂದ ಬಂದ ಆಟೋದಲ್ಲಿ ಅವ್ವನನ್ನು ಮಾನ್ವಿಯ ದವಾಖಾನೆಗೆ ಒಯ್ದೆವು. ಮೂಗಿಗೆ ಆಕ್ಸಿಜನ್ ಹಾಕಿದರು. ಮುಚ್ಚಿದ ಜಾಗದಲ್ಲಿ ಈ ಹೊಗೆ ಕುಡಿದರೆ ಮನುಷ್ಯರೂ ಹಾಗೇ ನಿದ್ದೆಯಲ್ಲಿ ಹೋಗುತ್ತಾರೆ, ಇನ್ನು ಸ್ವಲ್ಪ ಹೊತ್ತಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು. ತಮ್ಮ ಹೊರಗೆ ಮೆಟ್ಟಿಲ ಮೇಲೆ ತಲೆಗೆ ಟವೆಲ್ ಹಾಕಿಕೊಂಡು ಕೂತಿದ್ದ. ಅವನಿಗೆ ಹೇಳಬೇಕೆಂದು ಎರಡು ತಿಂಗಳಿನಿಂದ ಕೂಡಿಟ್ಟುಕೊಂಡಿದ್ದ ಮಾತುಗಳಿದ್ದವು. ಅವನ್ನು ಆಡದೆ ಒಳಗೆ ಹೋಗಿ ಅವ್ವನ ಕಾಲ ಹತ್ತಿರ ಕೂತೆ. ಪಾಪ ಎನಿಸಿ ಸುಮ್ಮನಾದೆ ಎಂದು ತಿಳಿಯಬೇಡಿ. ಸಿಟ್ಟು ಹಾಗೆಯೇ ಇತ್ತು, ಯಾರ ಮೇಲೆ ಹಾಕಬೇಕು ಎಂಬುದು ತಿಳಿಯದಾಗಿತ್ತು, ಅಷ್ಟೇ.

ಮಧ್ಯಾಹ್ನದ ಮೇಲೆ, ತಮ್ಮನೂ ಒಳಗೆ ಬಂದು ಕೂತಿದ್ದಾಗ, ಅವ್ವ ಕಣ್ಣು ತೆರೆದು ಮಾತಾಡಿದಳು. ಮೊದಲು ಮರಿ ಎಷ್ಟು ಹೋದವು ಎಂದು ಕೇಳಿದಳು. ಆಮೇಲೆ ನಾನು, ನೀನು ಯಾವಾಗಿನಿಂದ ಬಡಿಯುತ್ತಿದ್ದೆ ಯವ್ವಾ ಎಂದು ಕೇಳಿದೆ. ಕೇಳಬಾರದಿತ್ತು.

"ಸಿರವಾರ ದಾಟಿದಾಗಿಂದ. ಒಂದ ಹೊಡದ್ನಿ, ನಿಂದರಲಿಲ್ಲ. ಮತ್ತ ಹೊಡದ್ನಿ. ನಿಮ್ಮಿಬ್ಬರ ದನಿ ನನಗ ಚಂದಾಗಿ ಕೇಳಸ್ತಿತ್ತು."

ಅವಳು ದೂರಿನ ದನಿಯಲ್ಲಿ ಹೇಳಲಿಲ್ಲ. ನಡೆದದ್ದನ್ನು ಹೇಳಿದಳು. ತಮ್ಮ ಎದ್ದು ಹೊರಗೆ ಹೋದ. ಅವತ್ತೇ ಸಂಜೆ ಮಾನ್ವಿಯ ಒಂದು ಗ್ಯಾರೇಜಿನಲ್ಲಿ ಎರಡೂ ಪೈಪು ಕತ್ತರಿಸಿ ತೆಗೆಸಿ, ಹಳೆಯ ಹಾಗೆ ಕೆಳಗಿನಿಂದಲೇ ಸೈಲೆನ್ಸರ್ ಕೂಡಿಸಿಕೊಂಡು ಬಂದ. ಕತ್ತರಿಸಿದ ಪೈಪುಗಳನ್ನು ಏನು ಮಾಡಿದ ಎಂದು ನಾನು ಕೇಳಲಿಲ್ಲ. ಕ್ಯಾಬಿನ್ನಿನ ಹಿಂದಿನ ತಗಡಿನಲ್ಲಿ ಬಡಿಗೆಯ ಗುರುತುಗಳು ಒತ್ತೊತ್ತಾಗಿ ಬಿದ್ದಿದ್ದವು, ಬಣ್ಣ ಎದ್ದಿತ್ತು. ನನ್ನ ತಲೆ ಇದ್ದ ಜಾಗದ ಹಿಂದೆಯೇ ಹೆಚ್ಚು ಇದ್ದವು.

ಜನ ಈಗಲೂ ಪೈಪಿನದೇ ತಪ್ಪು ಎನ್ನುತ್ತಾರೆ. ವೆಲ್ಡಿಂಗು ಗಟ್ಟಿ ಮಾಡಿದ್ದರೆ ಏನೂ ಆಗುತ್ತಿರಲಿಲ್ಲ ಎಂದು ದೇವದುರ್ಗದ ಚಹಾ ಅಂಗಡಿಯಲ್ಲಿ ತೀರ್ಪು ಕೊಟ್ಟರಂತೆ. ಅವರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಹೆಸರು ನಿಮ್ಮದಿರಲಿ ಬಿಡಿ ಎಂದವನ ಮೇಲೂ ಇದೆ. ಆದರೆ ಬೇಡ ಎನ್ನುವ ಹಕ್ಕಿದ್ದಾಗ ಅದನ್ನು ಬಳಸದೆ, ಬೈಯುವ ಹಕ್ಕನ್ನು ಮಾತ್ರ ಉಳಿಸಿಕೊಂಡವಳು ನಾನು. ಅವ್ವ ಬಡಿಯುವಾಗ ಬೈಯುವುದರಲ್ಲೇ ಇದ್ದೆ. ಇದನ್ನು ಇಲ್ಲಿಯವರೆಗೆ ಯಾರ ಮುಂದೆಯೂ ಹೇಳಿರಲಿಲ್ಲ.

ಮುಂದಿನ ವರ್ಷದ ಸುಗ್ಗಿಗೆ ಅವ್ವ ಮನೆಯಲ್ಲೇ ಇರಲಿ ಎಂದು ನಾವಿಬ್ಬರೂ ಹೇಳಿನೋಡಿದೆವು, ಮೊದಲ ಸಲ ಒಂದೇ ಮಾತು ಆಡಿದೆವು. ಅವಳು ಒಪ್ಪಲಿಲ್ಲ. ಹಾಗಾದರೆ ಮುಂದಿನ ಸೀಟಿನಲ್ಲಿ ಕೂಡಬೇಕು ಎಂದು ತಮ್ಮ ಹಟ ಹಿಡಿದ. ಕ್ಯಾಬಿನ್ ತೊಳೆದು ಒರೆಸಿದ್ದ. ನಾನು ಒರಗಿಕೊಳ್ಳಲು ಹತ್ತಿ ತುಂಬಿದ ದಿಂಬು ಹೊಲಿದು ತಂದಿದ್ದೆ. ಮರಿಗಳ ಜೊತೆ ಹಿಂದೆ ನಾನು ಕೂಡುವುದು ಎಂದು ಮಾತಾಗಿತ್ತು. ಅವ್ವ ದಿಂಬನ್ನು ಮುಟ್ಟಿ ನೋಡಿದಳು, ಚಲೋ ಆಗಿದೆ ಎಂದಳು. ಆಮೇಲೆ ಕಂಬಳಿ ಹೆಗಲಿಗೆ ಹಾಕಿಕೊಂಡು, ಬಡಿಗೆ ಹಿಡಿದು, ಆಗಲೇ ಹೊರಟು ನಿಂತಿದ್ದ ಇನ್ನೂರು ಕುರಿಗಳ ಮುಂದೆ ಹೋಗಿ ನಿಂತಳು. ತಮ್ಮ ಬಾಗಿಲು ತೆರೆದು ಹಿಡಿದುಕೊಂಡೇ ನಿಂತಿದ್ದ. ಡಾಕ್ಟರು ನಡೆಯಬೇಡ ಎಂದಿದ್ದಾರೆ, ಮೂರು ದಿನದ ಹಾದಿ, ನಿನಗೆ ಆಗುವುದಿಲ್ಲ, ಬಾ ಎಂದು ನಾನು ಕೈ ಹಿಡಿದೆ. ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು.

"ಗಾಡಿ ನೀವ ತಗೊಂಡ ಹೋಗ್ರಿ. ನಾ ಇವುಗಳ ಕೂಡ ಬರ್ತೀನಿ. ಒಂದ ಸಲ ಕೂಗಿದ್ರ ಸಾಕು, ಇನ್ನೂರೂ ತಿರುಗಿ ನೋಡ್ತಾವ."